ಶಾಲೆಯ ರಜೆ, ಊರಿನ ಪಂಚಾಂಗ

ನಮ್ಮ ಮಕ್ಕಳು ಕಂಡಿದ್ದ ಊರಿನಲ್ಲಿ ಬಹಳ ವರ್ಷ ಬಿಸಿಲೇ ಇರಲಿಲ್ಲ. ಶಿರಸಿಯ ಮನೆ ಎಂದರೆ ಅವರಿಗೆ ಹಂಚಿನ ಮೇಲೆ ಎಡೆಬಿಡದೆ ಸುರಿಯುವ ಮಳೆ, ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಎಷ್ಟು ದಿನವಾದರೂ ಒಣಗದ ಜೀನ್ಸು, ತೋಟಕ್ಕೆ ಇಳಿದರೆ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ, ಮಧ್ಯಾಹ್ನವೇ ಹೋಗಿ ರಾತ್ರಿ ಬರುವ ಕರೆಂಟು. ನಾವಿರುವ ಶಾರ್ಜಾದ ಶಾಲೆಯಲ್ಲಿ ‘ನನ್ನ ಊರು’ ಎಂದು ಚಿತ್ರ ಬರೆಯಲು ಹೇಳಿದಾಗ ಮಗಳು ಹಾಳೆಯ ತುಂಬ ಬೂದುಬಣ್ಣ ಬಳಿದು, ನಡುವೆ ಒಂದು ಕೆಂಪು ಕೊಡೆ ಬರೆದಿದ್ದಳು. ಅಂಗಳದ ತುಂಬ ಹರವಿದ ಅಡಿಕೆ, ಮಾರ್ಚಿನ ಬಿಸಿಲಿಗೆ ಬಿರಿಯುವ ಗದ್ದೆ, ರಾತ್ರಿಯ ಚಳಿಗೆ ಹೊದ್ದು ಕೂತು ನೋಡುವ ಯಕ್ಷಗಾನದ ಆಟ, ನಾನು ಬೆಳೆದ ಊರಿನ ಯಾವುದೂ ಅದರಲ್ಲಿರಲಿಲ್ಲ. ಇರಬೇಕು ಎನ್ನುವುದಾದರೂ ಹೇಗೆ? ಅವಳು ಕಂಡದ್ದನ್ನು ಬರೆದಿದ್ದಳು.

ಗಲ್ಫಿನ ಶಾಲೆಗಳಿಗೆ ದೊಡ್ಡ ರಜೆ ಜುಲೈ, ಆಗಸ್ಟ್. ಅಲ್ಲಿ ಬಿಸಿಲು 45 ಡಿಗ್ರಿ ದಾಟುವ ಕಾಲ ಅದು. ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಹೊಸ ತರಗತಿ ಏಪ್ರಿಲ್‌ನಲ್ಲೇ ಶುರುವಾದರೂ ರಜೆ ಮಾತ್ರ ಸೆಕೆಯನ್ನು ನೋಡಿಕೊಂಡೇ ಬರುತ್ತದೆ. ಹಾಗಾಗಿ ಭಟ್ಕಳದಿಂದ ಕಾರವಾರದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರೆಗೆ, ಆ ಕಡೆ ಹೋಗಿ ನೆಲೆಸಿದವರೆಲ್ಲ ಊರಿಗೆ ಮುಖ ಮಾಡುವುದು ಈ ಎರಡು ತಿಂಗಳಲ್ಲಿ. ನಮ್ಮ ಜಿಲ್ಲೆಯ ಮಕ್ಕಳಿಗೆ ರಜೆ ಏಪ್ರಿಲ್, ಮೇ. ಜೂನ್ ಹುಟ್ಟಿತೆಂದರೆ ಅವರು ಶಾಲೆಯಲ್ಲಿರುತ್ತಾರೆ. ನಾವು ಸೂಟ್‌ಕೇಸ್ ಎಳೆದುಕೊಂಡು ಅಂಗಳಕ್ಕೆ ಬರುವ ಹೊತ್ತಿಗೆ ಅಣ್ಣನ ಮಗ ಯೂನಿಫಾರ್ಮ್ ಹಾಕಿ, ಬ್ಯಾಗಿಗೆ ಪ್ಲಾಸ್ಟಿಕ್ ಕೊಟ್ಟೆ ಹೊದೆಸಿ, ಬಸ್ಸಿಗೆ ಹೊರಟಿರುತ್ತಿದ್ದ. ಒಂದೇ ವಯಸ್ಸಿನ ಈ ಮಕ್ಕಳು ಒಟ್ಟಿಗೆ ರಜೆಯಲ್ಲಿದ್ದದ್ದೇ ಇಲ್ಲ.

ಇದ್ದದ್ದೆಂದರೆ ಮಳೆಯ ರಜೆ. ಮಳೆ ಜೋರಾಗಿ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುತ್ತಾರೆ. ಆದೇಶ ವಾಟ್ಸಾಪ್‌ನಲ್ಲಿ ಬರುವುದು ರಾತ್ರಿ, ಕೆಲವೊಮ್ಮೆ ಬೆಳಗಿನ ಜಾವ. ನಮ್ಮ ಮಕ್ಕಳು, ಅಣ್ಣನ ಮಗ ಮೂವರೂ ಊಟವಾದ ಮೇಲೆ ಅಣ್ಣನ ಫೋನಿನ ಸುತ್ತ ಕೂತು ಕಾಯುತ್ತಿದ್ದರು. ನೆಟ್‌ವರ್ಕ್ ಸಿಗದಿದ್ದರೆ ಕೊಡೆ ಹಿಡಿದು ಮನೆಯ ಮೇಲಿನ ದರೆಗೆ ಹತ್ತಿ ನೋಡಿ ಬರುತ್ತಿದ್ದರು. ರಜೆ ಎಂದಾದರೆ ಮಾಳಿಗೆಯಲ್ಲಿ ಮೂವರಿಗೂ ಒಂದೇ ಹಾಸಿಗೆ, ಮರುದಿನ ಇಡೀ ಹಗಲು ಒಟ್ಟಿಗೆ. ಆ ಕೆಲವೇ ದಿನಗಳಲ್ಲಿ ಅವರು ಅಣ್ಣ ತಂಗಿಯರಾದರು. ಹೊಳೆ ಉಕ್ಕಿ, ಎಲ್ಲೋ ಮನೆ ಬೀಳುವಂಥ ಮಳೆಗೇ ನಮ್ಮ ಮಕ್ಕಳು ಕಾದು ಕೂರಬೇಕಾಯಿತಲ್ಲ ಎಂಬುದು ನನ್ನನ್ನು ತುಂಬ ದಿನ ಕೊರೆದಿದೆ.

ನಮ್ಮ ಕಟ್ಟಡದಲ್ಲೇ ಇರುವ ಕಾರವಾರದ ಗೆಳತಿಗೆ ಇನ್ನೊಂದು ಕೊರತೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಆ ನಿಷೇಧ ಬೇಕಾದದ್ದೇ. ಆದರೆ ವರ್ಷವಿಡೀ ಇಸ್ವಾಣ, ಬಾಂಗಡೆ ಎಂದು ಹಂಬಲಿಸಿ ಊರಿಗೆ ಹೋದವಳಿಗೆ ಜುಲೈಯಲ್ಲಿ ಸಿಗುವುದು ಒಣಮೀನು, ಮತ್ತೆ ಕಾಳಿ ಹಿನ್ನೀರಿನಲ್ಲಿ ಯಾರಾದರೂ ಬಲೆ ಹಾಕಿದ್ದರೆ ಅದರದ್ದು. ಆಗಸ್ಟ್ ಮೊದಲ ವಾರ ದೋಣಿಗಳು ಹೊರಡುವಾಗ ಅವಳು ಗಂಡನ ಮನೆಯ ಕಡೆ ಬೆಳಗಾವಿಯಲ್ಲಿರುತ್ತಾಳೆ.

ಜುಲೈಯಲ್ಲಿ ಆಗದ್ದು ಇನ್ನೂ ಎಷ್ಟೋ ಇವೆ. ಆಷಾಢದಲ್ಲಿ ಮದುವೆಗಳಿಲ್ಲ, ಶಾಮಿಯಾನದ ಕೆಳಗೆ ಸಾಲಾಗಿ ಬಾಳೆ ಹಾಕಿ, ಬಡಿಸುವವರು ಓಡಾಡುವ ಊಟದ ಪಂಕ್ತಿಯನ್ನು ನಮ್ಮ ಮಕ್ಕಳು ನೋಡಿಯೇ ಇರಲಿಲ್ಲ. ಅಪ್ಪೆಮಿಡಿ ಬರುವುದು ಬೇಸಿಗೆಯ ಮೊದಲಲ್ಲಿ. ಆಲೆಮನೆ ಮುಗಿದು ತಿಂಗಳುಗಳಾಗಿರುತ್ತವೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ; 2024ರ ಮಾರ್ಚಿನಲ್ಲಿ ಜಾತ್ರೆ ನಡೆವಾಗ ನಮ್ಮಲ್ಲಿ ವಾರ್ಷಿಕ ಪರೀಕ್ಷೆ. ದೇವಿ ರಥವೇರಿ ಬಿಡಕಿಬಯಲಿಗೆ ಬರುವುದನ್ನು ನಾನು ಫೋನಿನಲ್ಲಿ ನೋಡಿದೆ, ಮಗಳು ಪಕ್ಕದ ಕೋಣೆಯಲ್ಲಿ ಗಣಿತ ಓದುತ್ತಿದ್ದಳು. ಚೌತಿಯಂತೂ ಸದಾ ತಪ್ಪುತ್ತದೆ. ಹಬ್ಬ ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ ಬೀಳುತ್ತದೆ, ಶಾಲೆ ಅಷ್ಟರಲ್ಲಿ ಶುರು. ಗಣಪತಿ ಮಾಡುವವರ ಮನೆಯ ಜಗಲಿಯಲ್ಲಿ ಬಣ್ಣ ಹಚ್ಚದ ಮೂರ್ತಿಗಳ ಸಾಲನ್ನು ನೋಡಿಯೇ ನಮ್ಮ ಮಕ್ಕಳು ಹೊರಟುಬಿಡುತ್ತಿದ್ದರು.

ಸಾವುಗಳೂ ಹಾಗೆಯೇ. ಅವು ನಮ್ಮ ರಜೆಯನ್ನು ಕೇಳಿ ಬರುವುದಿಲ್ಲ. ದೊಡ್ಡಪ್ಪ ಹೋದದ್ದು ನವೆಂಬರಿನಲ್ಲಿ, ನಮ್ಮನೆಯವರ ಸೋದರತ್ತೆ ಹೋದದ್ದು ಫೆಬ್ರುವರಿಯಲ್ಲಿ. ವರ್ಷವಿಡೀ ಆದದ್ದಕ್ಕೆಲ್ಲ ಜುಲೈಯಲ್ಲಿ ಹೋಗಿ ಮಾತಾಡಿಸಿಕೊಂಡು ಬರುವುದು. ಅಲ್ಲಿ ಮನೆಯವರ ಅಳು ಮುಗಿದಿರುತ್ತದೆ, ವರ್ಷಾಂತದ ಮಾತು ಶುರುವಾಗಿರುತ್ತದೆ. ನಮಗೆ ಮಾತ್ರ ಖಾಲಿ ಕುರ್ಚಿ ಆ ದಿನವೇ ಕಂಡಿರುತ್ತದೆ. ದೊಡ್ಡಪ್ಪನ ಮನೆಯಲ್ಲಿ ದೊಡ್ಡಮ್ಮ ನನ್ನನ್ನು ಕೂರಿಸಿಕೊಂಡು, ಕೊನೆಯ ರಾತ್ರಿ ಏನೇನಾಯಿತು ಎಂಬುದನ್ನು ಮೊದಲಿನಿಂದ ಹೇಳಿದರು. ಅಷ್ಟರಲ್ಲಿ ಅವರು ಅದನ್ನು ಎಷ್ಟು ಜನಕ್ಕೆ ಹೇಳಿದ್ದರೋ. ನನಗಾಗಿ ಮತ್ತೊಮ್ಮೆ ಆ ರಾತ್ರಿಯೊಳಗೆ ಹೋಗಿ ಬಂದರು. ಇಂಥ ಭೇಟಿಯನ್ನು ‘ಟೈಮಿಲ್ಲ’ ಎಂದು ಬಿಡುವವರನ್ನು ನಾನು ಒಪ್ಪುವುದಿಲ್ಲ. ಉಳಿದ ಮನೆಗಳನ್ನು ಬಿಡಿ, ಸಾವಾದ ಮನೆಗೆ ಹೋಗಲೇಬೇಕು, ಎಷ್ಟು ತಡವಾದರೂ.

ಮಳೆಗಾಲದ ಬಗ್ಗೆ ನಾನು ಹೀಗೆ ಗೊಣಗಿದರೆ ಅಮ್ಮ, ನಮ್ಮ ಆಯಿ, ಒಪ್ಪುವುದಿಲ್ಲ. ಆಷಾಢದಲ್ಲಿ ಹೆಣ್ಣುಮಕ್ಕಳು ತವರಿಗೆ ಬರುವುದು ಹೊಸತೇನಲ್ಲ, ಆಗಲೇ ಮನೆಯಲ್ಲಿ ಎಲ್ಲರಿಗೂ ಕೂತು ಮಾತಾಡಲು ಪುರುಸೊತ್ತು ಎನ್ನುತ್ತಾಳೆ. ಅದೂ ನಿಜ. ಕಳಲೆ ಪಲ್ಯ, ಕೆಸುವಿನ ಪತ್ರೊಡೆ, ಬಿಸಿ ಅನ್ನಕ್ಕೆ ತಂಬುಳಿ, ಹೊಗೆಯಾಡುವ ಒಲೆಯ ಮುಂದೆ ಸುಟ್ಟು ಕೊಡುವ ಹಲಸಿನ ಹಪ್ಪಳ, ಇವು ಮಳೆಗಾಲದ ಸುಖಗಳೇ. ಆದರೆ ಆಯಿಯ ಕಾಲದ ಪುರುಸೊತ್ತು ಅಣ್ಣನಿಗಿಲ್ಲ. ಅಡಿಕೆಗೆ ಕೊಳೆರೋಗ ಬರುವುದು ಇದೇ ತಿಂಗಳುಗಳಲ್ಲಿ. ಮಳೆ ಹಿಡಿಯುವ ಮೊದಲೊಮ್ಮೆ ಬೋರ್ಡೋ ಮದ್ದು ಹೊಡೆದಿರುತ್ತಾರೆ; ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು ಹೊಡೆಯಬೇಕು. ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮಿಶ್ರಣ ಸುಲಭ, ಹೊಡೆಯಲು ಮಳೆ ಹೊಳವಾಗಬೇಕು, ಗೊನೆ ಒಣಗಿರಬೇಕು, ಹೊಡೆಯುವ ಆಳು ಅದೇ ದಿನ ಸಿಗಬೇಕು. ಜುಲೈಯಲ್ಲಿ ಅಣ್ಣ ನಮ್ಮೊಡನೆ ಜಗಲಿಯಲ್ಲಿ ಕೂತಿದ್ದರೂ ಅವನ ಕಣ್ಣು ಅಂಗಳದಾಚೆಯ ಆಕಾಶದಲ್ಲಿರುತ್ತಿತ್ತು. ಮೋಡ ಸ್ವಲ್ಪ ಬಿಟ್ಟಿತೆಂದರೆ, ನಾವೂ ಈಗ ಜೋಗಕ್ಕೆ ಹೋಗಿ ಬರಬಹುದಲ್ಲ ಎಂದುಕೊಳ್ಳುತ್ತಿದ್ದೆವು. ಅಣ್ಣ ಒಂದು ದಿನವೂ ಆಗದು ಎನ್ನಲಿಲ್ಲ. ಡ್ರಮ್ಮನ್ನು ಮುಚ್ಚಿಟ್ಟು ಕಾರಿನ ಕೀಲಿ ತೆಗೆದುಕೊಳ್ಳುತ್ತಿದ್ದ.

ಅತ್ತಿಗೆ ನಮಗಾಗಿ ಮಾಡಿದ್ದನ್ನು ಹೇಳಲು ಹೊರಟರೆ ಏಪ್ರಿಲ್‌ನಿಂದ ಶುರುಮಾಡಬೇಕು. ಹಪ್ಪಳ ಒತ್ತುವಾಗಲೇ ನಮ್ಮ ಪಾಲಿನದು ಬೇರೆ ಡಬ್ಬಿಗೆ ಹೋಗುತ್ತದೆ. ಜೋನಿಬೆಲ್ಲದ ಒಂದು ಡಬ್ಬವನ್ನು ಅಟ್ಟದಿಂದ ಇಳಿಸುವುದೇ ಇಲ್ಲ, ಮಕ್ಕಳು ಬರುವವರೆಗೆ. ಮಿಡಿ ಉಪ್ಪಿನಕಾಯಿಯ ಭರಣಿಯಲ್ಲಿ ಮಗನಿಗೆ ಇಷ್ಟವಾದ ಸಣ್ಣ ಮಿಡಿಗಳನ್ನು ಆರಿಸಿ ಇಟ್ಟಿರುತ್ತಾಳೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಚಕ್ಕುಲಿ ಕಂಬಳದ ವಿಷಯ.

ನಮ್ಮ ಕಡೆ ಚೌತಿಗೆ ಕೆಲವು ದಿನ ಮೊದಲು ಕೇರಿಯವರೆಲ್ಲ ಒಂದೊಂದು ದಿನ ಒಬ್ಬೊಬ್ಬರ ಮನೆಯಲ್ಲಿ ಸೇರಿ ಕೈಚಕ್ಕುಲಿ ಸುತ್ತುವ ರೂಢಿಯಿದೆ. ಅಕ್ಕಿಹಿಟ್ಟು, ಹುರಿದ ಉದ್ದಿನಹಿಟ್ಟು, ಎಳ್ಳು, ಜೀರಿಗೆ. ಹಿಟ್ಟು ನಾದಿದ ಮೇಲೆ ಒರಳು ಅಚ್ಚು ಯಾವುದೂ ಬೇಡ, ಕೈಯೇ. ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಎಳೆ ತೆಗೆಯುತ್ತ, ತೆಗೆಯುತ್ತಲೇ ಹುರಿಗೊಳಿಸುತ್ತ, ಬಟ್ಟೆಯ ಮೇಲೆ ಒಳಗಿನಿಂದ ಹೊರಗೆ ಸುತ್ತುತ್ತ ಹೋಗಬೇಕು. ಎಳೆ ತುಂಡಾಗಬಾರದು, ಹುರಿ ಬಿಡಬಾರದು, ದಪ್ಪ ಒಂದೇ ಇರಬೇಕು. ಬೆರಳಿಗೆ ಬಲ ಬೇಕು. ನಮ್ಮ ಕೇರಿಯಲ್ಲಿ ಸುತ್ತುವವರು ಗಂಡಸರೇ ಹೆಚ್ಚು. ಎಂಟು ಹತ್ತು ಜನ ಚಾಪೆಯ ಸುತ್ತ ಬಗ್ಗಿ ಕೂತು, ಒಬ್ಬರ ಸುತ್ತು ಇನ್ನೊಬ್ಬರು ನೋಡುತ್ತ, ಮಾತು ನಗುವಿನ ನಡುವೆ ಸುತ್ತಿದ್ದನ್ನು ಒಳಗೆ ಹೆಂಗಸರು ಎಣ್ಣೆಗೆ ಬಿಡುತ್ತಾರೆ.

ನಾವು ಬಂದ ವರ್ಷವೆಲ್ಲ ಆಗಸ್ಟ್ ಮೊದಲರ್ಧದಲ್ಲಿ ಮನೆಯಲ್ಲಿ ಈ ಕಂಬಳ ನಡೆಯುತ್ತಿತ್ತು. ಮಕ್ಕಳಿಗೆ ಅದು ಊರಿನ ಅತಿ ದೊಡ್ಡ ಹಬ್ಬ. ಒಂದು ಸಲ ಪಕ್ಕದ ಮನೆಯ ಹಿರಿಯರೊಬ್ಬರು ಸುತ್ತುತ್ತಿದ್ದವರು ಕೈ ನಿಲ್ಲಿಸಿ, “ಯಾವಾಗ ಹೋಪದೇ ತಂಗೀ? ನೀವು ಹೋದ ಮೇಲೆ ಮತ್ತೊಂದು ಸಲ ಸುತ್ತುವುದುಂಟಲ್ಲ ಚೌತಿಗೆ” ಎಂದರು. ಆಗ ತಿಳಿಯಿತು. ಹಬ್ಬದ ಚಕ್ಕುಲಿ ಅಷ್ಟು ಮೊದಲು ಯಾರೂ ಮಾಡುವುದಿಲ್ಲ. ಅತ್ತಿಗೆ ಕೇರಿಯವರನ್ನು ಕೇಳಿಕೊಂಡು, ನಮ್ಮ ಮಕ್ಕಳಿಗಾಗಿ ಒಂದು ಕಂಬಳವನ್ನು ಮುಂಚೆ ಮಾಡಿಸುತ್ತಿದ್ದಳು, ಹಬ್ಬಕ್ಕೆ ಮತ್ತೆ ಒಂದನ್ನು. ಎಂಟು ಹತ್ತು ಮನೆಯವರು ತಮ್ಮ ಒಂದು ದಿನವನ್ನು ಶಾರ್ಜಾದ ಶಾಲೆಯ ರಜಾಪಟ್ಟಿಗೆ ಹೊಂದಿಸಿ ಕೊಡುತ್ತಿದ್ದರು. ಯಾರೂ ನನಗೆ ಹೇಳಿರಲಿಲ್ಲ, ಹೇಳಬೇಕೆಂದೂ ಅವರಿಗೆ ಅನಿಸಿರಲಿಲ್ಲ.

ಅಂದಿನಿಂದ ನನಗೆ ಒಂದೇ ಯೋಚನೆ. ಇಡೀ ಊರು ತನ್ನ ಪಂಚಾಂಗವನ್ನು ನಮಗಾಗಿ ಹಿಂದೆ ಮುಂದೆ ಮಾಡುವುದಾದರೆ ನಾವೂ ನಮ್ಮದನ್ನು ಒಮ್ಮೆ ಊರಿಗಾಗಿ ಮಾಡಬೇಡವೇ?

2024ರ ಮಳೆ ಆ ಯೋಚನೆಯನ್ನು ಗಟ್ಟಿ ಮಾಡಿತು. ಆ ಸಲ ಟಿಕೆಟ್ ಸಿಕ್ಕದ್ದು ಗೋವಾಕ್ಕೆ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ರಸ್ತೆ ಬದಿಯ ಚಹಾದಂಗಡಿ, ನಿಂತ ಲಾರಿಗಳು, ಒಳಗಿದ್ದ ಜನ, ಎಲ್ಲವನ್ನೂ ಮಣ್ಣು ಗಂಗಾವಳಿಗೆ ತಳ್ಳಿತು. ನಾವು ಅದಾದ ಕೆಲ ದಿನಕ್ಕೆ ಬಂದಿಳಿದವರು ಅಂಕೋಲಾದಿಂದ ಯಲ್ಲಾಪುರದ ಘಟ್ಟ ಹತ್ತಿ ಶಿರಸಿಗೆ ಬಂದೆವು. ನಮ್ಮನೆಯವರ ಊರು ಕುಮಟಾ ಸೀಮೆ. ಅತ್ತೆ, ಮಾವ ಇರುವುದು ಅಲ್ಲಿ. ಅಂಕೋಲಾದಿಂದ ನೇರ ದಾರಿ ಇದ್ದರೆ ಗಂಟೆಯೊಳಗಿನ ಹಾದಿ. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನಾವು ಬರುವಾಗ ದಾಟಿದ್ದ ನದಿ ಅದು. ಬೆಳಗ್ಗೆ ಅತ್ತೆ ಫೋನ್ ಮಾಡಿ, ಎಷ್ಟು ವರ್ಷ ನೋಡದಿದ್ದರೂ ಅಡ್ಡಿಯಿಲ್ಲ, ಮಳೆಗಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಈ ರಸ್ತೆಗೆ ಇಳಿಯಬೇಡಿ ಎಂದರು. ಮೊಮ್ಮಕ್ಕಳಿಗಾಗಿ ವರ್ಷವಿಡೀ ದಿನ ಎಣಿಸುವವರು ಹಾಗೆ ಹೇಳಬೇಕಾದರೆ ಆ ರಾತ್ರಿ ಎಷ್ಟು ಹೆದರಿರಬೇಕು.

ಶಾರ್ಜಾದಲ್ಲಿ ಡಿಸೆಂಬರ್ ಮಧ್ಯದಿಂದ ಚಳಿಗಾಲದ ರಜೆ ಇದೆ. ಜುಲೈಯಷ್ಟು ಉದ್ದದ್ದಲ್ಲ, ಮೂರು ವಾರದ ಆಸುಪಾಸು. ಹಿಂದಿನ ವರ್ಷಗಳಲ್ಲಿ ಅಷ್ಟಕ್ಕಾಗಿ ಅಷ್ಟು ದುಡ್ಡು ಕೊಟ್ಟು ಹೋಗುವುದೇ ಎಂದು ಬಿಡುತ್ತಿದ್ದೆವು. ಮರುವರ್ಷ ಜುಲೈ ಬಿಟ್ಟು ಡಿಸೆಂಬರಿಗೆ ಹೋದೆವು.

ಅಣ್ಣನ ಮನೆಯಲ್ಲಿ ಅಡಿಕೆ ಕೊಯ್ಲು ನಡೆದಿತ್ತು. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲಿ ನಿಂತೇ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವವರು ಹೆಚ್ಚಾಗಿದ್ದಾರೆ, ಆದರೂ ನಮ್ಮ ಹಳೆಯ ಮರಗಳ ಎತ್ತರಕ್ಕೆ ಮರ ಹತ್ತಿ ಕೊಯ್ಯುವ ಕೊನೆಗೌಡರೇ ಬೇಕು. ಮರದ ತುದಿಯಿಂದ ಅವರು ಕೆಳಗಿಳಿಯದೆಯೇ ಪಕ್ಕದ ಮರಕ್ಕೆ ತೂಗಿ ಹೋಗುವುದನ್ನು ಮಗ ಬಾಯಿ ಬಿಟ್ಟು ನೋಡಿದ. ಕೊನೆ ಹಗ್ಗದ ಮೇಲೆ ಜಾರಿ ಬರುತ್ತದೆ, ಕೆಳಗೆ ನಿಂತವರು ಹಿಡಿದು ಇಡುತ್ತಾರೆ. ಸುತ್ತ ಚೆಲ್ಲಿದ ಅಡಿಕೆ ಹೆಕ್ಕುವುದು ಮಕ್ಕಳ ಕೆಲಸ. ನಾನೂ ಅಣ್ಣನೂ ಹೆಕ್ಕಿದ್ದು ಹಾಗೆಯೇ. ಮಗ, ಮಗಳಿಬ್ಬರಿಗೂ ಅತ್ತಿಗೆ ಒಂದೊಂದು ಬುಟ್ಟಿ ಕೊಟ್ಟಳು. ಮೊದಲ ದಿನ ಮಗಳಿಗೆ ಬೆನ್ನು ನೋವು, ಮೊಣಕೈಗೆ ತುರಿಕೆ. ಎರಡನೆಯ ದಿನ ಅವಳು ಯಾರೂ ಕರೆಯದೆ ಬುಟ್ಟಿ ಹಿಡಿದು ಇಳಿದಳು. ಅಣ್ಣ ವಾರದ ಕೊನೆಗೆ ಆಳುಗಳಿಗೆ ಬಟವಾಡೆ ಮಾಡುವಾಗ ಇವರನ್ನೂ ಸಾಲಿನಲ್ಲಿ ಕೂರಿಸಿ, ಹೆಕ್ಕಿದ್ದರ ಲೆಕ್ಕ ಮಾಡಿ ದುಡ್ಡು ಕೊಟ್ಟ. ಗಲ್ಫಿನಿಂದ ಬಂದ ಮಕ್ಕಳ ಕೈಗೆ ಊರವರು ಹೋಗುವಾಗ ನೋಟು ಇಡುವುದು ರೂಢಿ. ದುಡಿದು ಪಡೆದದ್ದು ಅದೇ ಮೊದಲು.

ರಾತ್ರಿ ಸುಲಿಯುವ ಕೆಲಸ. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾದದ್ದನ್ನು ಸಿಪ್ಪೆಸಮೇತ ತಿಂಗಳಿಗೂ ಮೇಲೆ ಬಿಸಿಲಿಗೆ ಹಾಕಿ ಆಮೇಲೆ ಸುಲಿದರೆ ಚಾಲಿ. ಕೇರಿಯವರು ಮುಯ್ಯಾಳಿಗೆ, ಅಂದರೆ ಕೆಲಸಕ್ಕೆ ಬದಲು ಕೆಲಸದ ಲೆಕ್ಕದಲ್ಲಿ, ಬಂದು, ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕೂತು, ಮಧ್ಯರಾತ್ರಿಯವರೆಗೂ ಸುಲಿಯುತ್ತಿದ್ದರು. ನಾನು ಕೂತೆ, ಹದಿನೇಳನೆಯ ವಯಸ್ಸಿನ ಮೇಲೆ ಆ ಕತ್ತಿಯ ಮುಂದೆ ಕೂತಿರಲಿಲ್ಲ, ಬೆರಳಿಗೆ ನೆನಪಿತ್ತು. ನಮ್ಮನೆಯವರು ಕರಾವಳಿಯವರು, ಭತ್ತ, ತೆಂಗಿನ ಮನೆಯಲ್ಲಿ ಬೆಳೆದವರು. ಅವರಿಗೆ ಚೀಲ ಹೊರುವ, ಒಲೆಗೆ ಸಿಪ್ಪೆ ತುಂಬುವ ಕೆಲಸ. ಚಕ್ಕುಲಿ ಸುತ್ತಿದ ಆ ಹಿರಿಯರ ಮನೆಗೂ ಎರಡು ರಾತ್ರಿ ಹೋಗಿ ಸುಲಿದು ಬಂದೆವು. ಅವರ ಮನೆಯಲ್ಲಿ ನಾವು ಅದುವರೆಗೆ ಆಸ್ರಿಗೆ ಕುಡಿದು, ಕವಳ ಹಾಕಿ, ಹೊರಟು ಬಂದವರು. ಸುಲಿಯುತ್ತ ಕೂತಾಗ ಹೊರಬಂದ ಮಾತುಗಳೇ ಬೇರೆ. ಅವರ ಮಗ ಬೆಂಗಳೂರು ಬಿಟ್ಟು ಬರುವ ಯೋಚನೆಯಲ್ಲಿದ್ದಾನೆ, ಹೆಣ್ಣು ಸಿಗುತ್ತಿಲ್ಲ, ಎಲೆಚುಕ್ಕಿ ರೋಗದಿಂದ ಮೇಲಿನ ತೋಟ ಹೋಗಿದೆ. ವರ್ಷ ವರ್ಷ ಜುಲೈಯಲ್ಲಿ ಅವರು ನನ್ನನ್ನು ಕೇಳಿದ್ದು ಯಾವಾಗ ಬಂದೆ, ಯಾವಾಗ ಹೋಗುವುದು, ಅಲ್ಲಿ ಸೆಕೆ ಎಷ್ಟು ಎಂದು. ನಾನು ಕೇಳಿದ್ದು ಮಳೆ ಎಷ್ಟು ಎಂದು.

ಅಣ್ಣ ಒಂದು ದಿನ ಮಗನನ್ನು ಶಿರಸಿಗೆ ಕರೆದುಕೊಂಡು ಹೋಗಿ ಟಿ.ಎಸ್.ಎಸ್.ನಲ್ಲಿ ಅಡಿಕೆ ರಾಶಿಗಳನ್ನೂ ಟೆಂಡರನ್ನೂ ತೋರಿಸಿದ. 1923ರಲ್ಲಿ ತೋಟಗಾರರೇ ಅಡಿಕೆ ಮಾರಲು ಕಟ್ಟಿಕೊಂಡ ಸೊಸೈಟಿ, ನಮ್ಮ ಅಜ್ಜನ ಕಾಲದಿಂದ ಮನೆಯ ಲೆಕ್ಕವೆಲ್ಲ ಅಲ್ಲೇ. ಕುಮಟಾದ ಮನೆಯಲ್ಲಿ ಇದ್ದ ವಾರ ಮಾವ ಮಕ್ಕಳಿಗೆ ಆಟ ತೋರಿಸಿದರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ನೋಡುತ್ತ ಬೆಳೆದವರು ಮಾವ; ಯಾವ ವೇಷ ಬಂದರೂ ಕಥೆ, ಪದ, ಹಿಂದೆ ಆ ವೇಷ ಮಾಡಿದವರು ಎಲ್ಲ ಗೊತ್ತು. ಮಗಳು ಅಜ್ಜನ ಶಾಲಿನೊಳಗೆ ಕೂತು, ಬೆಳಗಿನ ಜಾವದವರೆಗೂ ಪ್ರಶ್ನೆ ಕೇಳಿದಳಂತೆ.

ಡಿಸೆಂಬರಿನಲ್ಲೂ ಅಣ್ಣನ ಮಗನಿಗೆ ಶಾಲೆ ಇತ್ತು. ಸಂಜೆ ಬಸ್ಸಿಳಿದವನು ಬ್ಯಾಗು ಎಸೆದು ನೇರ ತೋಟಕ್ಕೆ ಬರುತ್ತಿದ್ದ. ಮೂವರೂ ಒಟ್ಟಿಗೆ ಇಡೀ ರಜೆ ಕಳೆಯಬೇಕೆಂದರೆ ಒಂದೇ ದಾರಿ, ಅವನ ರಜೆಗೆ ಅವನೇ ನಮ್ಮಲ್ಲಿಗೆ ಬರುವುದು. ಇದನ್ನು ಹೇಳಿದವಳು ಮಗಳು. ಇಷ್ಟು ವರ್ಷ ಆತಿಥ್ಯವೆಲ್ಲ ಒಂದೇ ಕಡೆಯಿಂದ ಹರಿದಿದೆ. ನಾವು ಕರೆದದ್ದುಂಟು, ಆದರೆ ‘ಒಮ್ಮೆ ಬನ್ನಿ’ ಎಂದು ಹೊರಡುವ ಗಡಿಬಿಡಿಯಲ್ಲಿ ಹೇಳುವ ಕರೆ. ತೋಟ, ದನ, ವಯಸ್ಸಾದ ಆಯಿ, ಇವನ್ನೆಲ್ಲ ಬಿಟ್ಟು ಒಂದು ಮನೆ ಒಟ್ಟಾಗಿ ಹೊರಡಬೇಕಾದರೆ ಬರಿಯ ಕರೆ ಸಾಲುವುದಿಲ್ಲ.

ಅದಕ್ಕೇ ಈಗ ಹೀಗೆ ನಿಶ್ಚಯವಾಗಿದೆ. ಬರುವ ಏಪ್ರಿಲ್ ಕೊನೆಗೆ ಅಣ್ಣ, ಅತ್ತಿಗೆ, ಅವರ ಮಗ ಮಾಣಿ ಶಾರ್ಜಾಕ್ಕೆ ಬರುತ್ತಾರೆ. ಆ ದಿನಗಳಿಗೆ ನಮ್ಮನೆಯವರು ರಜೆ ಹಾಕಿ ಶಿರಸಿಗೆ ಹೋಗಿ, ಆಯಿಯ ಜೊತೆ ಮನೆಯಲ್ಲಿದ್ದು ತೋಟ ನೋಡಿಕೊಳ್ಳುತ್ತಾರೆ. ಅಳಿಯನ ಕೈಯಲ್ಲಿ ಕೊಟ್ಟಿಗೆ ಕೆಲಸ ಮಾಡಿಸುವುದೇ ಎಂದು ಆಯಿ ಕೆಲವು ದಿನ ಹಟ ಹಿಡಿದಳು, ಅತ್ತಿಗೆ ಸಮಾಧಾನ ಮಾಡಿದಳು. ಅಣ್ಣ ಒಪ್ಪಲು ಇನ್ನೂ ತಡವಾಯಿತು. ಈಗ ವಾರಕ್ಕೊಮ್ಮೆ ಭಾವಂದಿರಿಬ್ಬರೂ ವಿಡಿಯೋದಲ್ಲಿ ಮಾತಾಡುತ್ತಾರೆ: ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ, ಪಂಪ್ ಹಾಕುವ ಮೊದಲು ಯಾವ ವಾಲ್ವು ತಿರುಗಿಸಬೇಕು, ತೋಟದ ಕೆಳಭಾಗಕ್ಕೆ ಎಷ್ಟು ಹೊತ್ತು ನೀರು ಬಿಡಬೇಕು, ಕೆಂಪು ದನ ಹಾಲು ಕೊಡದಿದ್ದರೆ ಯಾರನ್ನು ಕರೆಯಬೇಕು. ಪಾಸ್‌ಪೋರ್ಟ್ ಮೂವರದ್ದೂ ಬಂದಿದೆ. ಮಗಳು ತನ್ನ ಕೋಣೆಯಲ್ಲಿ ಮಾಣಿಗೆ ಜಾಗ ಮಾಡಲು ಮೇಜನ್ನು ಈಗಲೇ ಹೊರಗೆ ಹಾಕಿದ್ದಾಳೆ. ಆ ದಿನಗಳಲ್ಲಿ ಅವಳಿಗೆ ಶಾಲೆ ಇರುತ್ತದೆ, ಬೆಳಗ್ಗೆ ಬಸ್ಸು ನಿಲ್ಲುವಲ್ಲಿಯವರೆಗೆ ಅವನನ್ನು ಕರೆದುಕೊಂಡು ಹೋಗುತ್ತಾಳಂತೆ.